ಚೈನಿನ ಜೇಬು ಗಡಿಯಾರ: ಕೀ ಹೆಚ್ಚಾಗಿ ಕೆಟ್ಟಿತೇ?

ಪ್ರಶ್ನೆ: ನಾನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಕೆಲಸದಲ್ಲಿದ್ದೇನೆ. ಉಡುಪಿಯಲ್ಲಿರುವ ಅಪ್ಪನಿಗೆ ಕೊಡೋಣವೆಂದು ಇಲ್ಲಿಯ ಹಳೆ ಸಾಮಾನಿನ ಸಂತೆಯಲ್ಲಿ ಒಂದು ಬೆಳ್ಳಿಯ ಜೇಬು ಗಡಿಯಾರ ಕೊಂಡೆ. ಹಿಂದಿನ ಮುಚ್ಚಳ ತೆಗೆದು ಬಿಡಿ ಕೀಲಿಯಿಂದ ಕೀ ಕೊಡುವಂಥದ್ದು. ಡಯಲಿನ ಕೆಳಭಾಗದಲ್ಲಿ ಪುಟ್ಟ ಸೆಕೆಂಡು ಮುಳ್ಳಿದೆ. ಒಳಗಿನ ತಟ್ಟೆಯ ಮೇಲೆ ಒಬ್ಬರ ಹೆಸರು, ಲಿವರ್‌ಪೂಲ್ ಎಂಬ ಊರು, ಒಂದು ನಂಬರ್ ಕೆತ್ತಿದ್ದಾರೆ. ಮುಚ್ಚಳದೊಳಗೆ ಗೋಧಿಯ ಮೂರು ಕಂತೆ ಮತ್ತು ಕತ್ತಿ, ಸಿಂಹ, ರಾಣಿಯ ತಲೆ, ಒಂದು ಅಕ್ಷರ, ಹೀಗೆ ಸಣ್ಣ ಸಣ್ಣ ಮುದ್ರೆಗಳಿವೆ. ‘ಪೂರ್ತಿ ಕೀ ಕೊಡಬೇಡಿ, ಸ್ಪ್ರಿಂಗ್ ಹೋಗುತ್ತದೆ’ ಎಂದು ಮಾರಿದವರು ಹೇಳಿದ್ದರಿಂದ ಬೆಳಿಗ್ಗೆ ಎರಡೂವರೆ ಸುತ್ತು, ಸಂಜೆ ಎರಡೂವರೆ ಸುತ್ತು ಎಣಿಸಿ ಕೊಡುತ್ತಿದ್ದೆ. ದಿನಕ್ಕೆ 7–8 ನಿಮಿಷ ಹಿಂದೆ ಬೀಳುತ್ತಿತ್ತು. ಕಳೆದ ವಾರ ಕೀ ಕೊಡುವಾಗ ಒಳಗೆ ‘ಟರ್ರ್’ ಎಂದಿತು. ಈಗ ಕೀಲಿ ಬಿಗಿಯೇ ಇಲ್ಲದೆ ತಿರುಗುತ್ತದೆ, ಗಡಿಯಾರ ನಿಂತಿದೆ. ಬದಿಯಿಂದ ನೋಡಿದರೆ ಸೈಕಲ್ ಚೈನಿನಂಥ ಒಂದು ಎಳೆ ಚೈನು ಜೋತುಬಿದ್ದಿದೆ. ಇಲ್ಲಿಯ ಅಂಗಡಿಯೊಂದರಲ್ಲಿ ‘ಇದರ ಸಾಮಾನು ಎಲ್ಲೂ ಸಿಗುವುದಿಲ್ಲ, ಒಳಗಿನದ್ದು ತೆಗೆದು ಬ್ಯಾಟರಿ ಮಷೀನ್ ಹಾಕಿಕೊಡುತ್ತೇವೆ’ ಎಂದರು. ತಪ್ಪು ನನ್ನದೇ? ಇದು ರಿಪೇರಿಯಾಗುತ್ತದೆಯೇ? ಆದರೂ ಅಪ್ಪ ದಿನಾ ಬಳಸಬಹುದೇ?

ಉತ್ತರ: ತಪ್ಪು ನಿಮ್ಮದಲ್ಲ. ರಿಪೇರಿ ಖಂಡಿತ ಆಗುತ್ತದೆ. ಬ್ಯಾಟರಿ ಮಷೀನ್ ಮಾತ್ರ ಯಾವ ಕಾರಣಕ್ಕೂ ಬೇಡ.

ವಿವರಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡಿ: ಕೀಲಿಯನ್ನು ಎತ್ತಿಟ್ಟುಬಿಡಿ. ‘ಇನ್ನೊಮ್ಮೆ ತಿರುಗಿಸಿ ನೋಡೋಣ’ ಎನ್ನಬೇಡಿ. ಸಡಿಲವಾದ ಚೈನು ಗಾಲಿಗಳ ಹಲ್ಲಿಗೆ ಸಿಕ್ಕಿಕೊಂಡರೆ ಒಂದು ಕೆಲಸ ಎರಡಾಗುತ್ತದೆ. ಸೂಜಿ, ಚಿಮಟ ಹಾಕಿ ಚೈನನ್ನು ಎಳೆಯುವುದೂ ಬೇಡ. ಗಡಿಯಾರದಿಂದ ಉದುರಿದ ಚೂರು, ಕೊಕ್ಕೆ ಏನಾದರೂ ಕಂಡರೆ ಬಿಳಿ ಕಾಗದದಲ್ಲಿ ಮಡಚಿ ಜೋಪಾನವಾಗಿಡಿ. ಕೊಕ್ಕೆ ಸಣ್ಣದಿರಬಹುದು, ಆದರೆ ಹೊಸದಾಗಿ ಮಾಡಬೇಕೆಂದರೆ ಅರ್ಧ ದಿನದ ಕೆಲಸ.

ಈಗ ಮಾರಿದವರ ಮಾತಿಗೆ ಬರೋಣ. ಪೂರ್ತಿ ಕೀ ಕೊಟ್ಟರೆ ಹಾಳಾಗುತ್ತದೆ ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ ಇದೆ. ಚೈನಿನ ಇಂಗ್ಲಿಷ್ ಗಡಿಯಾರದ ಮಟ್ಟಿಗೆ ಅದು ಪೂರಾ ಸುಳ್ಳು, ಏಕೆಂದರೆ ಹೆಚ್ಚು ಕೀ ಕೊಡಲು ಆ ಗಡಿಯಾರವೇ ಬಿಡುವುದಿಲ್ಲ. ಹೇಗೆಂದು ತಿಳಿಯಲು ಒಳಗಿನ ರಚನೆ ಸ್ವಲ್ಪ ಗೊತ್ತಿರಬೇಕು.

ಎರಡು ಹಿತ್ತಾಳೆ ತಟ್ಟೆಗಳ ನಡುವೆ ಅಕ್ಕಪಕ್ಕದಲ್ಲಿ ಎರಡು ಭಾಗಗಳಿವೆ. ಒಂದು ಬ್ಯಾರೆಲ್, ಅಂದರೆ ಮೇನ್‌ಸ್ಪ್ರಿಂಗ್ ತುಂಬಿದ ಚಪ್ಪಟೆ ಡಬ್ಬಿ. ಇನ್ನೊಂದು ಫ್ಯೂಸೀ. ಬುಗುರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅದರ ಮೈಗೆ ಚಾಟಿ ಸುತ್ತುವ ಹಾಗೆ ತಳದಿಂದ ತುದಿಯವರೆಗೆ ಸುರುಳಿಯಾಗಿ ಕಾಲುವೆಯಂಥ ಗೆರೆ ಕೊರೆದರೆ ಅದೇ ಫ್ಯೂಸೀ. ಚಾಟಿಯ ಬದಲು ಉಕ್ಕಿನ ಚೈನು. ಚೈನಿನ ಒಂದು ತುದಿ ಬ್ಯಾರೆಲ್‌ಗೆ, ಇನ್ನೊಂದು ಫ್ಯೂಸೀಗೆ ಕೊಕ್ಕೆ ಹಾಕಿದೆ. ನೀವು ಕೀ ಕೊಡುವುದು ಫ್ಯೂಸೀಗೆ. ಚೈನು ಬ್ಯಾರೆಲ್ ಮೇಲಿಂದ ಬಿಚ್ಚಿಕೊಂಡು ಫ್ಯೂಸೀಗೆ ಸುತ್ತಿಕೊಳ್ಳುತ್ತದೆ, ಬ್ಯಾರೆಲ್ ತಿರುಗುತ್ತಾ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಗಡಿಯಾರ ನಡೆಯುವಾಗ ಇದೆಲ್ಲ ಹಿಮ್ಮುಖ.

ಇಷ್ಟೊಂದು ಸುತ್ತುಬಳಸು ಏಕೆ? ಪೂರ್ತಿ ಬಿಗಿದ ಸ್ಪ್ರಿಂಗ್ ಜೋರಾಗಿ ಎಳೆಯುತ್ತದೆ, ಬಿಚ್ಚುತ್ತಾ ಬಂದಂತೆ ಸೋಲುತ್ತದೆ. ಬೀಸುಕಲ್ಲಿನ ಗೂಟ ಅಂಚಿನಲ್ಲಿದ್ದರೆ ಬೀಸುವುದು ಹಗುರ, ನಡುವಿಗೆ ಹತ್ತಿರವಿದ್ದರೆ ತೋಳು ನೋಯುತ್ತದೆ. ಇಲ್ಲಿಯೂ ಅದೇ ಲೆಕ್ಕ. ಸ್ಪ್ರಿಂಗ್ ಬಲವಾಗಿದ್ದಾಗ ಚೈನು ಬುಗುರಿಯ ಕಿರಿದಾದ ತುದಿಯನ್ನು ಎಳೆಯುತ್ತದೆ, ಸೋತಾಗ ಅಗಲವಾದ ತಳವನ್ನು. ಗಾಲಿಗಳಿಗೆ ತಲುಪುವ ಬಲ ಬೆಳಗಿನಿಂದ ರಾತ್ರಿಯವರೆಗೆ ಸುಮಾರಾಗಿ ಒಂದೇ ಆಗಿರುತ್ತದೆ. ಯುರೋಪಿನ ಬೇರೆಡೆ 19ನೇ ಶತಮಾನದಲ್ಲಿ ಇದನ್ನು ಬಿಟ್ಟು, ಬ್ಯಾರೆಲ್‌ನಿಂದಲೇ ನೇರವಾಗಿ ಗಾಲಿ ಓಡಿಸುವ ಕ್ರಮಕ್ಕೆ ಹೋದರು. ಇಂಗ್ಲಿಷ್ ಕುಶಲಕರ್ಮಿಗಳು ಆ ಶತಮಾನದ ಕೊನೆಯವರೆಗೂ ಫ್ಯೂಸೀ ಬಿಡಲಿಲ್ಲ. ವ್ಯಾಪಾರದಲ್ಲಿ ಅದು ಅವರಿಗೆ ದುಬಾರಿಯಾಯಿತು, ನಿಜ. ಆದರೆ ಕೆಲಸವಾಗಿ ನೋಡಿದರೆ ಅದು ಬಹಳ ಒಳ್ಳೆಯ ಕೆಲಸ.

ಕೀ ಕೊಡುವ ದಿಕ್ಕೂ ಇದರಿಂದಲೇ ಬಂದದ್ದು. ಹಿಂಬದಿಯಿಂದ ನೋಡಿದಾಗ ಫ್ಯೂಸೀ ಗಡಿಯಾರಕ್ಕೆ ಸಾಮಾನ್ಯವಾಗಿ ಎಡಕ್ಕೆ, ಅಂದರೆ ಮುಳ್ಳುಗಳು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಕೀ ಕೊಡಬೇಕು. ಬ್ಯಾರೆಲ್‌ಗೆ ನೇರವಾಗಿ ಕೀ ಕೊಡುವ ಗಡಿಯಾರಕ್ಕೆ ಬಲಕ್ಕೆ. ಇದು ಗೊತ್ತಿಲ್ಲದವರು ಬಲಕ್ಕೆ ಒತ್ತಿ ತಿರುಗಿಸಲು ಹೋಗಿ ಒಳಗಿನ ಹಲ್ಲು ಮುರಿಯುತ್ತಾರೆ. ನಿಮ್ಮ ತಂದೆಗೆ ಗಡಿಯಾರ ಕೊಡುವಾಗ ದಿಕ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಡಿ.

ಇನ್ನು ತಡೆ. ಫ್ಯೂಸೀಯ ನೆತ್ತಿಯ ಮೇಲೆ ಹಕ್ಕಿಯ ಕೊಕ್ಕಿನಂತೆ ಚಾಚಿದ ಒಂದು ಉಕ್ಕಿನ ಬಿಲ್ಲೆ ಇದೆ. ಮೇಲಿನ ತಟ್ಟೆಯ ಒಳಮೈಯಲ್ಲಿ ಕೀಲಿನ ಮೇಲೆ ಆಡುವ ಸಣ್ಣ ಉಕ್ಕಿನ ತೋಳಿದೆ. ಚೈನು ಕೊನೆಯ ಸುತ್ತಿಗೆ ಏರಿದಾಗ ತನ್ನ ಮೈಯಿಂದಲೇ ಈ ತೋಳನ್ನು ಒತ್ತಿ ಕೊಕ್ಕಿನ ದಾರಿಗೆ ತರುತ್ತದೆ. ಕೊಕ್ಕು ಬಂದು ತೋಳಿಗೆ ಬಡಿದು ನಿಲ್ಲುತ್ತದೆ. ಆಗ ಸ್ಪ್ರಿಂಗ್ ಇನ್ನೂ ಪೂರ್ತಿ ಸುತ್ತಿರುವುದಿಲ್ಲ. ಅದರ ಕೊನೆಯ ಬಿಗಿತಕ್ಕೆ ಹೋಗಲು ಈ ತಡೆ ಬಿಡುವುದೇ ಇಲ್ಲ. ಆದ್ದರಿಂದ ಗಟ್ಟಿಯಾಗಿ ನಿಲ್ಲುವವರೆಗೆ ಕೀ ಕೊಡುವುದೇ ಸರಿಯಾದ ಕ್ರಮ. ಕೊನೆಯ ಸುತ್ತು ಮಾತ್ರ ನಿಧಾನವಾಗಿರಲಿ. ಅಲ್ಲಿ ಜೋರು ಮಾಡಿದರೆ ಕೊಕ್ಕು ಬಾಗುತ್ತದೆ ಅಥವಾ ಚೈನು ಹರಿಯುತ್ತದೆ. ‘ಕೀ ಹೆಚ್ಚಾಗಿ ನಿಂತುಹೋಗಿದೆ’ ಎಂದು ಜನ ತರುವ ಗಡಿಯಾರಗಳಲ್ಲಿ ಬಹುಪಾಲು ನಿಂತಿರುವುದು ಹಳೆಯ ಎಣ್ಣೆ ಅಂಟಾಗಿ ಹೆಪ್ಪುಗಟ್ಟಿದ್ದರಿಂದ.

ಎಣಿಸಿ ಕೊಡುತ್ತಿದ್ದುದರಿಂದ ನಿಮಗೇನೂ ಲಾಭವಾಗಿಲ್ಲ, ನಷ್ಟವೂ ಆಗಿಲ್ಲ. ಇಂಥ ಗಡಿಯಾರದ ಲೆಕ್ಕ ಹೀಗಿರುತ್ತದೆ: ಫ್ಯೂಸೀಯ ತಳದ ಗಾಲಿಗೆ 60 ಹಲ್ಲು, ಅದು ಓಡಿಸುವ, ಗಂಟೆಗೊಂದು ಸುತ್ತು ತಿರುಗುವ ನಡುವಿನ ಪುಟ್ಟ ಹಲ್ಲುಗಾಲಿಗೆ, ಅಂದರೆ ಪಿನಿಯನ್‌ಗೆ 12 ಹಲ್ಲು ಇದ್ದರೆ ಒಂದು ಸುತ್ತು ಕೀ 5 ಗಂಟೆಗೆ ಸಾಕು. ಆರು ಸುತ್ತಿನ ಫ್ಯೂಸೀ 30 ಗಂಟೆ ನಡೆಯುತ್ತದೆ. ದಿನಕ್ಕೊಮ್ಮೆ ಒಂದೇ ಹೊತ್ತಿಗೆ, ಸುಮಾರು ಐದು ಸುತ್ತು, ತಡೆ ಸಿಗುವವರೆಗೆ.

ಹಾಗಾದರೆ ‘ಟರ್ರ್’ ಎಂದದ್ದೇನು? ಕೀಲಿ ಬಿಗಿಯಿಲ್ಲದೆ ತಿರುಗಲು ನಾಲ್ಕು ಕಾರಣಗಳಿರಬಹುದು. ಕೀಲಿಯ ರಂಧ್ರ ಸವೆದು, ಅದು ಕೂರುವ ಚೌಕ ಕಡ್ಡಿಯ ಮೇಲೆ ಜಾರುತ್ತಿದ್ದರೆ ಗಡಿಯಾರ ನಿಲ್ಲುವುದಿಲ್ಲ, ಚೈನೂ ಜೋಲುವುದಿಲ್ಲ, ಅದನ್ನು ಬಿಡಿ. ಫ್ಯೂಸೀಯ ತಳದೊಳಗಿನ ರ‍್ಯಾಚೆಟ್ (ಒಂದೇ ದಿಕ್ಕಿಗೆ ತಿರುಗಲು ಬಿಡುವ ಹಲ್ಲುಗಾಲಿ) ಮುರಿದಿದ್ದರೆ ಕೀಲಿ ಸಡಿಲವಾಗಿ ತಿರುಗುವ ಬದಲು ನಿಮ್ಮ ಬೆರಳಿಗೆ ಹೊಡೆದು ಹಿಂದಕ್ಕೆ ಸುತ್ತಿಕೊಳ್ಳುತ್ತಿತ್ತು. ಅದೂ ಅಲ್ಲ. ಉಳಿದದ್ದು ಎರಡು: ಚೈನು ಹರಿದಿದೆ, ಇಲ್ಲವೇ ಮೇನ್‌ಸ್ಪ್ರಿಂಗ್ ತುಂಡಾಗಿದೆ.

ಇವೆರಡರಲ್ಲಿ ಯಾವುದೆಂದು ಗಡಿಯಾರ ಬಿಚ್ಚದೆಯೇ ನೀವು ನೋಡಬಹುದು. ಮುಂದಿನ ಗಾಜಿನ ಮುಚ್ಚಳ ತೆಗೆಯಿರಿ. ಡಯಲಿನ ಅಂಚಿನಲ್ಲಿ, 6 ಗಂಟೆಯ ಹತ್ತಿರ, ಉಗುರಿನ ತುದಿಯಷ್ಟು ಉಕ್ಕಿನ ಚಿಲಕ ಕಾಣುತ್ತದೆ. ಅದನ್ನು ಉಗುರಿನಿಂದ ಒಳಕ್ಕೆ ಒತ್ತಿದರೆ ಇಡೀ ಯಂತ್ರ 12 ಗಂಟೆಯ ಕಡೆಯ ಕೀಲಿನ ಮೇಲೆ ಬಾಗಿಲಿನಂತೆ ಹೊರಕ್ಕೆ ತೆರೆದುಕೊಳ್ಳುತ್ತದೆ. ಹಿಂಬದಿಯಲ್ಲಿ ಹಿತ್ತಾಳೆಯ ಧೂಳುಮುಚ್ಚಳ ಇದ್ದರೆ ಅದರ ಮೇಲಿನ ನೀಲಿ ಅರ್ಧಚಂದ್ರಾಕಾರದ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ ಎತ್ತಿ. ಈಗ ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ, ತಟ್ಟೆಗಳ ನಡುವೆ ಬದಿಯಿಂದ ನೋಡಿ. ಚೈನಿಗೆ ನಡುವೆಲ್ಲೋ ತುದಿ ಕಂಡರೆ ಅಥವಾ ಒಂದು ಕಡೆಯ ಕೊಕ್ಕೆ ಬಿಟ್ಟುಹೋಗಿದ್ದರೆ ಚೈನಿನ ತೊಂದರೆ. ಎರಡೂ ಕೊಕ್ಕೆ ಜಾಗದಲ್ಲೇ ಇದ್ದು, ಚೈನು ಅಖಂಡವಾಗಿದ್ದು, ಸುಮ್ಮನೆ ಸಡಿಲವಾಗಿದ್ದರೆ ಸ್ಪ್ರಿಂಗ್ ತುಂಡಾಗಿದೆ. ಕೆಲವೊಮ್ಮೆ ಎರಡೂ ಒಟ್ಟಿಗೆ ಆಗಿರುತ್ತದೆ. ಸ್ಪ್ರಿಂಗ್ ತುಂಡಾದ ಏಟಿಗೆ ಚೈನೂ ಹರಿಯುತ್ತದೆ. ನೋಡಿದ ಮೇಲೆ ಮುಚ್ಚಿಬಿಡಿ, ಬ್ಯಾಲೆನ್ಸ್ ಗಾಲಿಗೆ (ಅತ್ತಿತ್ತ ತೂಗಾಡುತ್ತಾ ಸಮಯ ಹಿಡಿಯುವ ಗಾಲಿ) ಬೆರಳು ತಾಗದಿರಲಿ.

ನಿಮ್ಮ ವಿವರಣೆ ಓದಿದರೆ ಚೈನು ಹರಿದಿರುವ ಸಾಧ್ಯತೆಯೇ ಹೆಚ್ಚು. ಅದರ ರಚನೆ ತಿಳಿದರೆ ಏಕೆ ಹರಿಯುತ್ತದೆಂದು ಗೊತ್ತಾಗುತ್ತದೆ. ಒಂದು ಗೇಣಿಗಿಂತ ಕಡಿಮೆ ಉದ್ದದ ಆ ಎಳೆಯಲ್ಲಿ ಎಂಟರ ಅಂಕಿಯ ಆಕಾರದ ನೂರಾರು ಉಕ್ಕಿನ ಬಿಲ್ಲೆಗಳಿವೆ. ಒಂದು ಕೊಂಡಿಗೆ ಹೊರಗೆ ಎರಡು ಬಿಲ್ಲೆ, ಮುಂದಿನ ಕೊಂಡಿಗೆ ನಡುವೆ ಒಂದು ಬಿಲ್ಲೆ, ಮತ್ತೆ ಎರಡು, ಮತ್ತೆ ಒಂದು. ಪ್ರತಿ ಜೋಡಣೆಗೂ ಒಂದು ರಿವೆಟ್. ದಕ್ಷಿಣ ಇಂಗ್ಲೆಂಡಿನ ಕ್ರೈಸ್ಟ್‌ಚರ್ಚ್ ಎಂಬ ಸಣ್ಣ ಊರು 18ನೇ ಶತಮಾನದ ಕೊನೆಯಿಂದ ಇದಕ್ಕೇ ಹೆಸರಾಗಿತ್ತು. ಅಲ್ಲಿ ಹೆಂಗಸರು, ಮಕ್ಕಳು, ಅನಾಥಾಲಯದಂಥ ಬಡವರ ಮನೆಗಳಲ್ಲಿದ್ದ ಹುಡುಗಿಯರು ಕೂತು ಈ ಬಿಲ್ಲೆಗಳನ್ನು ಒಂದೊಂದಾಗಿ ರಿವೆಟ್ ಮಾಡುತ್ತಿದ್ದರು; ಅದರಲ್ಲಿ ಅವರ ಕಣ್ಣು ಹಾಳಾಗುತ್ತಿತ್ತು. ನಿಮ್ಮ ಕೈಯಲ್ಲಿರುವ ಚೈನನ್ನು ಯಾರದೋ ಬೆರಳುಗಳು ಹಾಗೆ ಕಟ್ಟಿದ್ದು. ಸಿಗುವುದಿಲ್ಲ ಎಂದು ಎಸೆಯುವ ವಸ್ತುವಲ್ಲ ಅದು.

ಹರಿಯಲು ಮುಖ್ಯ ಕಾರಣ ತುಕ್ಕು. ತೇವ ರಿವೆಟ್‌ಗಳ ಸಂದಿಯಲ್ಲಿ ಕೂರುತ್ತದೆ, ಹೊರಗೆ ಕಾಣುವ ಮೊದಲೇ ಬಿಲ್ಲೆ ಒಳಗಿನಿಂದ ಸವೆದಿರುತ್ತದೆ. ಎರಡನೆಯದು ಹಿಂದೆ ಯಾರೋ ಮಾಡಿದ ಒರಟು ಜೋಡಣೆ. ಮೂರನೆಯದು, ಜನ ಗಮನಿಸದೇ ಇರುವುದು, ಮೂಲಕ್ಕಿಂತ ದಪ್ಪ ಸ್ಪ್ರಿಂಗ್. ಸ್ಪ್ರಿಂಗಿನ ಬಲ ಅದರ ದಪ್ಪದ ಘನದಷ್ಟು ಏರುತ್ತದೆ. ಹತ್ತನೇ ಒಂದು ಪಾಲು ದಪ್ಪ ಹೆಚ್ಚಾದರೆ ಬಲ ಮೂರನೇ ಒಂದು ಪಾಲು ಹೆಚ್ಚು! ‘ನಿಧಾನ ನಡೆಯುತ್ತದೆ, ಜೋರು ಸ್ಪ್ರಿಂಗ್ ಹಾಕೋಣ’ ಎಂಬ ದುರಸ್ತಿ ಕಳೆದ ನೂರು ವರ್ಷಗಳಲ್ಲಿ ಎಷ್ಟೋ ಚೈನುಗಳನ್ನು ಹರಿದಿದೆ.

ಚೈನನ್ನು ಕೂಡಿಸುವ ಕ್ರಮ ನಿಮಗೆ ತಿಳಿದಿದ್ದರೆ ರಿಪೇರಿಯವರ ಮಾತನ್ನು ತೂಗಿ ನೋಡಬಹುದು. ಹರಿದ ಎರಡು ತುದಿಗಳಲ್ಲಿ ಒಂದು ಕಡೆ ಜೋಡಿ ಬಿಲ್ಲೆ, ಇನ್ನೊಂದು ಕಡೆ ಒಂಟಿ ಬಿಲ್ಲೆ ಉಳಿಯುವಂತೆ ಹಾಳಾದ ಕೊಂಡಿಗಳನ್ನು ತೆಗೆಯಬೇಕು. ಅದಕ್ಕೆ ರಿವೆಟ್‌ನ ತಲೆಯನ್ನು ಅರದಿಂದ ಉಜ್ಜಿ, ಸೂಜಿಯಂಥ ಪಂಚಿನಿಂದ ಹೊರತಳ್ಳುತ್ತಾರೆ. ಒಂಟಿಯನ್ನು ಜೋಡಿಯೊಳಗೆ ಸೇರಿಸಿ, ನೀಲಿ ಬಣ್ಣಕ್ಕೆ ಹದ ಮಾಡಿದ ಉಕ್ಕಿನ ಸೂಜಿ ತೂರಿಸಿ, ಎರಡೂ ಬದಿ ಕತ್ತರಿಸಿ, ಹಗುರವಾಗಿ ತಟ್ಟಿ, ಮಟ್ಟಸವಾಗಿ ಉಜ್ಜಬೇಕು. ರಿವೆಟ್ ಕೂದಲಷ್ಟು ಉಬ್ಬಿದ್ದರೂ ಫ್ಯೂಸೀಯ ಕೊರೆದ ಗೆರೆಯಿಂದ ಚೈನು ಎದ್ದು ಪಕ್ಕದ ಸುತ್ತಿಗೆ ಹಾರುತ್ತದೆ. ಕೂಡಿಸಿದ ಜಾಗ ಬೇರೆ ಕೊಂಡಿಗಳಷ್ಟೇ ಸಲೀಸಾಗಿ ಮಡಚಬೇಕು. ಹೀಗೆ ಒಂದೆರಡು ಕೊಂಡಿ ಕಡಿಮೆಯಾದರೆ ಬಾಧಕವಿಲ್ಲ. ತುಂಬ ಕೊಂಡಿಗಳು ಕಡಿಮೆಯಾದರೆ ತಡೆ ಸಿಗುವ ಮೊದಲೇ ಬ್ಯಾರೆಲ್ ಮೇಲೆ ಚೈನು ಮುಗಿದುಹೋಗಿ ಕೊಕ್ಕೆ ಕಿತ್ತುಬರುತ್ತದೆ. ಆಗ ಬೇರೆ ಚೈನೇ ಬೇಕು.

ಬೇರೆ ಚೈನು ಸಿಗದು ಎಂಬುದು ನಿಜವಲ್ಲ. ಚಿನ್ನ ಬೆಳ್ಳಿಯ ಆಸೆಗೆ ಕೇಸುಗಳನ್ನು ಕರಗಿಸಿ, ಯಂತ್ರಗಳನ್ನು ಬಿಡಿಯಾಗಿ ಮಾರಿದ್ದರಿಂದ ಬ್ರಿಟನ್ನಿನಲ್ಲಿ ಅಂಥ ಅನಾಥ ಯಂತ್ರಗಳು ಇಂದಿಗೂ ಡಬ್ಬಿಗಟ್ಟಲೆ ಸಿಗುತ್ತವೆ. ಅವುಗಳಿಂದ ಉದ್ದ, ದಪ್ಪ, ಎತ್ತರ ಮೂರೂ ಹೊಂದುವ ಚೈನನ್ನು ಆರಿಸಬೇಕು. ಇಲ್ಲಿ ಆಗುವ ಸಾಮಾನ್ಯ ತಪ್ಪು ಕೊಕ್ಕೆ ಅದಲುಬದಲಾಗುವುದು. ಬ್ಯಾರೆಲ್ ಕಡೆಯ ಕೊಕ್ಕೆಗೆ ಚೂಪಾದ ಮೂಗು ಚಾಚಿರುತ್ತದೆ, ಅದು ಡಬ್ಬಿಯ ಗೋಡೆಯ ರಂಧ್ರಕ್ಕೆ ಹೋಗಬೇಕು. ಫ್ಯೂಸೀ ಕಡೆಯದು ದುಂಡಗೆ ಬಾಗಿ ಒಂದು ಪಿನ್ನನ್ನು ಅಪ್ಪುತ್ತದೆ.

ಚೈನು ಕೂಡಿಸಿದ ಮೇಲೂ ನಾಜೂಕಿನ ಕೆಲಸ ಒಂದು ಉಳಿದಿದೆ: ಸೆಟಪ್. ಚೈನು ಪೂರಾ ಬ್ಯಾರೆಲ್ ಮೇಲಿದ್ದಾಗಲೂ, ಅಂದರೆ ಕೀ ಪೂರ್ತಿ ಮುಗಿದಾಗಲೂ, ಸ್ಪ್ರಿಂಗಿನಲ್ಲಿ ಸ್ವಲ್ಪ ಬಿಗಿತ ಇರಬೇಕು. ಬ್ಯಾರೆಲ್ ಅಚ್ಚನ್ನು ಅರ್ಧದಿಂದ ಮುಕ್ಕಾಲು ಸುತ್ತು ತಿರುಗಿಸಿ ರ‍್ಯಾಚೆಟ್ ಹಾಕಿ ನಿಲ್ಲಿಸುತ್ತಾರೆ. ಸರಿಯಾಗಿದೆಯೇ ಎಂದು ನೋಡಲು ಫ್ಯೂಸೀ ಚೌಕಕ್ಕೆ ಉದ್ದ ಕಡ್ಡಿ ಸಿಕ್ಕಿಸುತ್ತಾರೆ, ಕಡ್ಡಿಯ ಮೇಲೆ ಸರಿಯುವ ತೂಕ ಇರುತ್ತದೆ. ಮೊದಲ ಸುತ್ತಿನಲ್ಲಿ ತೂಗಿ ನಿಂತ ಕಡ್ಡಿ ಕೊನೆಯ ಸುತ್ತಿನಲ್ಲೂ ಅದೇ ಜಾಗದ ತೂಕಕ್ಕೆ ನಿಲ್ಲಬೇಕು. ಕೀ ಮುಗಿಯುವ ಕಡೆ ಎಳೆತ ಸೋತರೆ ಸೆಟಪ್ ಸ್ವಲ್ಪ ಏರಿಸುತ್ತಾರೆ. ಇದನ್ನು ನೋಡದೆ ಜೋಡಿಸಿದರೆ ಫ್ಯೂಸೀ ಇದ್ದೂ ಇಲ್ಲದಂತೆ.

ಈ ಕೆಲಸವನ್ನು ಮನೆಯಲ್ಲಿ ಮಾಡಬೇಡಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಗಡಿಯಾರದ ಚೈನು ಹರಿದಿದ್ದರೆ ಸ್ಪ್ರಿಂಗಿನಲ್ಲಿ ಬಲ ಉಳಿದಿಲ್ಲ. ಆದರೆ ಚೈನು ಬಿಗಿಯಾಗಿರುವ ಇಂಥ ಗಡಿಯಾರವನ್ನು ಬಲ ಇಳಿಸದೆ ಬಿಚ್ಚಿದರೆ ಗಾಲಿಗಳು ಕ್ಷಣದಲ್ಲಿ ಬುರ್ರನೆ ಓಡಿ ಎಸ್ಕೇಪ್ ಗಾಲಿಯ, ಅಂದರೆ ಟಿಕ್ ಟಿಕ್ ಎಂದು ಹಂತಹಂತವಾಗಿ ಸರಿಯುವ ಕೊನೆಯ ಗಾಲಿಯ, ಹಲ್ಲಿನ ತುದಿಗಳು ಮುರಿಯುತ್ತವೆ. ಇಂಗ್ಲಿಷ್ ಲಿವರ್ ಗಡಿಯಾರದ (ಈ ಗಾಲಿಗೂ ಬ್ಯಾಲೆನ್ಸ್ ಗಾಲಿಗೂ ನಡುವೆ ಆಡುವ ತೋಳಿರುವ ಬಗೆ) ಆ ಗಾಲಿಗೆ ಸೂಜಿಮೊನೆಯ ಹಲ್ಲುಗಳಿರುತ್ತವೆ. ಸ್ವಿಸ್ ಗಾಲಿಯ ಗದೆಯಾಕಾರದ ಹಲ್ಲುಗಳಷ್ಟು ಗಟ್ಟಿಯಲ್ಲ. ಅದು ಹೋದರೆ ಚೈನಿಗಿಂತ ಹತ್ತು ಪಟ್ಟು ತಲೆನೋವು.

7–8 ನಿಮಿಷ ಹಿಂದೆ ಬೀಳುವುದಕ್ಕೆ ಕಾರಣ ಹೆಚ್ಚಾಗಿ ಕೊಳೆ ಮತ್ತು ಒಣಗಿದ ಎಣ್ಣೆ. ಲಿವರ್ ಗಡಿಯಾರ ಆರೋಗ್ಯವಾಗಿದ್ದರೆ ದಿನಕ್ಕೆ ಒಂದೆರಡು ನಿಮಿಷದೊಳಗೆ ನಿಲ್ಲುತ್ತದೆ. ಸರ್ವಿಸ್ ಆಗುವ ಮೊದಲು ‘ಫಾಸ್ಟ್–ಸ್ಲೋ’ ಕಡ್ಡಿ ತಿರುಗಿಸುವುದರಲ್ಲಿ ಅರ್ಥವಿಲ್ಲ. ಜ್ವರದವನಿಗೆ ಬೆತ್ತ ತೋರಿಸಿ ಓಡಿಸಿದಂತೆ. ಹಿತ್ತಾಳೆ ತಟ್ಟೆಯ ರಂಧ್ರಗಳು ಸವೆದು ಮೊಟ್ಟೆಯಾಕಾರವಾಗಿದ್ದರೆ ಅವಕ್ಕೆ ಬುಷ್ (ರಂಧ್ರದೊಳಗೆ ಕೂರಿಸುವ ಪುಟ್ಟ ಲೋಹದ ಬಳೆ) ಹಾಕಬೇಕಾಗಬಹುದು. ಸ್ವಚ್ಛ ಮಾಡುವವರಿಗೆ ಎರಡು ಮಾತು ಹೇಳಿ: ಎಸ್ಕೇಪ್ ಗಾಲಿಯನ್ನು ಹಿಡಿದು ಬಿಡುವ ಪ್ಯಾಲೆಟ್ ಮತ್ತು ಬ್ಯಾಲೆನ್ಸ್ ಅಚ್ಚಿನ ಮೇಲಿನ ರೋಲರಿನ ಕಲ್ಲುಗಳು ಅರಗಿನಲ್ಲಿ ಕೂತಿರುತ್ತವೆ, ಸ್ಪಿರಿಟ್ ಹಾಕಿದರೆ ಬಿಟ್ಟುಬರುತ್ತವೆ. ತಟ್ಟೆಯ ಮೇಲಿನ ಚಿನ್ನದ ಲೇಪ ಬಹಳ ತೆಳು, ಪಾಲಿಶ್ ಹಾಕಿ ತಿಕ್ಕಿದರೆ ಹೋಗೇ ಹೋಗುತ್ತದೆ.

ರಿಪೇರಿ ಮುಗಿದು ಕೈಗೆ ಬಂದಾಗ ಒಂದು ಪರೀಕ್ಷೆ ಮಾಡಿ. ಕೀ ಕೊಡುತ್ತಿರುವಾಗ ಸೆಕೆಂಡು ಮುಳ್ಳನ್ನು ನೋಡಿ. ಕೀ ಕೊಡುವ ಹೊತ್ತಿನಲ್ಲಿ ಗಾಲಿಗಳ ಮೇಲಿನ ಎಳೆತ ತಪ್ಪುತ್ತದೆ. ಆಗಲೂ ಗಡಿಯಾರ ನಿಲ್ಲದಿರಲೆಂದು ಫ್ಯೂಸೀ ತಳದಲ್ಲಿ ಇನ್ನೊಂದು ಪುಟ್ಟ ಸ್ಪ್ರಿಂಗ್ ಇರುತ್ತದೆ. ಇದು ಹಡಗಿನ ಗಡಿಯಾರಗಳಿಗೆ ಹೆಸರಾದ ಜಾನ್ ಹ್ಯಾರಿಸನ್ 18ನೇ ಶತಮಾನದಲ್ಲಿ ಕಂಡುಕೊಂಡ ಉಪಾಯ. ಮುಳ್ಳು ನಡೆಯುತ್ತಲೇ ಇದ್ದರೆ ಅದು ಸರಿಯಿದೆ. ನಿಂತರೆ ರಿಪೇರಿಯವರಿಗೆ ವಾಪಸ್ ತೋರಿಸಿ.

ಗಡಿಯಾರದ ವಯಸ್ಸಿನ ಬಗ್ಗೆ ಎರಡೇ ಮಾತು. ಗೋಧಿ ಕಂತೆ ಮತ್ತು ಕತ್ತಿ ಚೆಸ್ಟರ್ ಊರಿನ ಬೆಳ್ಳಿ ಪರೀಕ್ಷಾ ಕಚೇರಿಯ ಗುರುತು. ತಲೆಯ ಮುದ್ರೆ ತೆರಿಗೆ ಕಟ್ಟಿದ್ದಕ್ಕೆ. ಅದನ್ನು 1890ರಲ್ಲಿ ನಿಲ್ಲಿಸಿದರು. ತಲೆ ವಿಕ್ಟೋರಿಯಾ ರಾಣಿಯದ್ದಾದ್ದರಿಂದ ಕೇಸು 1837ರಿಂದ 1890ರ ನಡುವಿನದು. ನಿಖರ ವರ್ಷವನ್ನು ಅಕ್ಷರ ಹೇಳುತ್ತದೆ, ಅದರ ಬರವಣಿಗೆಯ ಶೈಲಿ ಮತ್ತು ಸುತ್ತಲಿನ ಚೌಕಟ್ಟನ್ನು ಚೆಸ್ಟರ್ ಪಟ್ಟಿಗೆ ಹೋಲಿಸಬೇಕು. ತಟ್ಟೆಯ ಮೇಲಿನ ಹೆಸರು ಮಾರಿದ ಅಂಗಡಿಯವರದ್ದೂ ಆಗಿರಬಹುದು. ಲಿವರ್‌ಪೂಲ್ ಹೆಸರಿನ ಎಷ್ಟೋ ಯಂತ್ರಗಳು ಹತ್ತಿರದ ಪ್ರೆಸ್ಕಾಟ್ ಊರಿನಲ್ಲಿ ಕಚ್ಚಾ ರೂಪದಲ್ಲಿ ತಯಾರಾದವು.

ಬ್ಯಾಟರಿ ಮಷೀನ್ ಕೂರಿಸಲು ಡಯಲಿನ ಕಾಲು (ಅದನ್ನು ಯಂತ್ರಕ್ಕೆ ಹಿಡಿಸುವ ಸಣ್ಣ ಕಡ್ಡಿ) ಕತ್ತರಿಸಬೇಕು, ಕೇಸಿನ ಕೀಲು ಒಡೆಯಬೇಕು. ಒಮ್ಮೆ ಮಾಡಿದರೆ ಹಿಂದಕ್ಕೆ ಬರಲಾಗದು, ಆಮೇಲೆ ಉಳಿಯುವುದು ಬೆಳ್ಳಿಯ ತೂಕದ ಬೆಲೆ ಮಾತ್ರ. ಚೈನು ಕೂಡಿಸಿ ಪೂರ್ತಿ ಸರ್ವಿಸ್ ಮಾಡಿಸುವುದು ನಮ್ಮ ಸಲಹೆ. ಅದರ ಖರ್ಚು ನೀವು ಕೊಟ್ಟ ಬೆಲೆಯನ್ನು ಮೀರಬಹುದು, ಅದಕ್ಕೆ ಸಿದ್ಧರಿರಿ. ಈಗ ಹಣ ಹಾಕಲಾಗದಿದ್ದರೆ ಹಾಗೇ ಒಣಗಿದ ಜಾಗದಲ್ಲಿಡಿ. ನಡೆಸದೇ ಇಟ್ಟರೆ ಹಾಳಾಗುವುದಿಲ್ಲ, ಕೊಳೆಯಲ್ಲಿ ನಡೆಸಿದರೆ ಸವೆಯುತ್ತದೆ. ನೀವು ಇಂಗ್ಲೆಂಡಿನಲ್ಲೇ ಇರುವುದರಿಂದ ಅಲ್ಲೇ ಮಾಡಿಸುವುದು ಸುಲಭ. 1858ರಲ್ಲಿ ಹುಟ್ಟಿದ ಬ್ರಿಟಿಷ್ ಹೊರೊಲಾಜಿಕಲ್ ಇನ್‌ಸ್ಟಿಟ್ಯೂಟ್ ಅರ್ಹ ರಿಪೇರಿಗಾರರ ಪಟ್ಟಿ ಇಟ್ಟಿದೆ. ಆಯ್ಕೆ ಮಾಡಿದವರನ್ನು ‘ಚೈನನ್ನು ನೀವೇ ರಿವೆಟ್ ಮಾಡುತ್ತೀರಾ, ಸೆಟಪ್ ಹೇಗೆ ನೋಡುತ್ತೀರಿ, ಸ್ಪ್ರಿಂಗ್ ಬದಲಿಸಿದರೆ ಹಳೆಯದರ ದಪ್ಪ ಅಳೆಯುತ್ತೀರಾ’ ಎಂದು ಕೇಳಿ. ತಡವರಿಸದೆ ಉತ್ತರಿಸುವವರ ಕೈಗೆ ಕೊಡಿ.

ತಂದೆಯವರು ದಿನಾ ಬಳಸಬಹುದೇ? ಕರಾವಳಿಯಲ್ಲಿ ಬೇಡ. ಉಡುಪಿಯ ಮಳೆಗಾಲದ ತೇವ, ಉಪ್ಪಿನ ಗಾಳಿ, ಅಂಗಿ ಜೇಬಿನ ಬೆವರು ಮೂರೂ ಈ ಚೈನಿಗೂ ಬ್ಯಾಲೆನ್ಸ್ ಗಾಲಿಯನ್ನು ತೂಗಿಸುವ ಕೂದಲೆಳೆಯಂಥ ನೀಲಿ ಹೇರ್‌ಸ್ಪ್ರಿಂಗಿಗೂ ಶತ್ರುಗಳು. ಬೇಸಿಗೆಯಲ್ಲಿ, ಹಬ್ಬ ಮದುವೆಗಳಲ್ಲಿ ಕೀ ಕೊಟ್ಟು ಧರಿಸಲಿ. ಮುಳ್ಳು ಸರಿಪಡಿಸುವಾಗ ಬೆರಳಿನಿಂದ ತಳ್ಳದೆ, ಗಾಜು ತೆಗೆದು ನಿಮಿಷದ ಮುಳ್ಳಿನ ನಡುವಿನ ಚೌಕಕ್ಕೆ ಕೀಲಿ ಹಾಕಿ ತಿರುಗಿಸಲಿ. ಉಳಿದ ದಿನಗಳಲ್ಲಿ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರಲಿ. ಬಣ್ಣ ಬದಲಾಯಿಸುವ ಜೆಲ್ ತೆಗೆದುಕೊಂಡರೆ ತೇವ ಹೀರಿದ್ದು ಕಣ್ಣಿಗೆ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನೋಡಿ ಬದಲಿಸಬೇಕು. ಬಟ್ಟೆ ಕಪಾಟಿನ ನ್ಯಾಫ್ತಲೀನ್ ಗುಳಿಗೆ, ಕರ್ಪೂರ ಇರುವ ಜಾಗದಲ್ಲಿ ಇಡಬಾರದು, ಅವುಗಳ ಆವಿ ಯಂತ್ರದ ಮೇಲೆ ಕೂರುತ್ತದೆ. ಡಬ್ಬಿಗೆ ಹಾಕುವ ಮೊದಲು ಕೀ ಪೂರ್ತಿ ಇಳಿದು ಗಡಿಯಾರ ತಾನಾಗಿ ನಿಲ್ಲಲಿ, ಬಿಗಿದ ಸ್ಪ್ರಿಂಗಿನ ಭಾರ ತಿಂಗಳುಗಟ್ಟಲೆ ಚೈನಿನ ಮೇಲೆ ಇರಬಾರದು.